ಹಾಸನದ ಮಿಲಿಟರಿ ಭರ್ತಿ ತರಬೇತಿ ಕೇಂದ್ರ: ತಮ್ಮನನ್ನು ಮೂರು ತಿಂಗಳು ಬಿಟ್ಟಿದ್ದ ಅಕ್ಕನ ಅನುಭವ

ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ. ಇಂಥ ಕಡೆ ಮಗನನ್ನೋ ತಮ್ಮನನ್ನೋ ಸೇರಿಸುವವರಿಗೆ ದುಡ್ಡು ಹೊಂದಿಸುವ ಮುಂಚೆಯೇ ಗೊತ್ತಿರಬೇಕಾದ ವಿಷಯ ಬೇಕಾದಷ್ಟಿದೆ, ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ನಾವು ಸಕಲೇಶಪುರದ ಕಡೆಯವರು. ಅಪ್ಪ ಅಮ್ಮ ಕಾಫಿ ತೋಟದಲ್ಲಿ ಕೂಲಿ, ನಾನೂ ತಮ್ಮನೂ ತೋಟದ ಕೂಲಿಯವರ ಸಾಲುಮನೆಯಲ್ಲೇ, ಅಂದರೆ ಲೈನ್ ಮನೆಯಲ್ಲೇ, ಹುಟ್ಟಿ ಬೆಳೆದವರು. ನಾನೀಗ ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ತಮ್ಮ ಪಿಯುಸಿ ಮುಗಿಸಿದ ದಿನದಿಂದ ಒಂದೇ ಮಾತು, "ಅಕ್ಕಾ, ಮಿಲಿಟರಿಗೆ ಹೋಗ್ತೀನಿ." ನಾನು ಸಂಬಳಕ್ಕೆ ಅಂತಲೇ ಅಂದುಕೊಂಡಿದ್ದೆ. ಮನೆಯಲ್ಲಿ ಸಂಘದ ಸಾಲ ಇದೆ, ಅಮ್ಮನಿಗೆ ಮಂಡಿನೋವು, ಇನ್ನೇನು ಕಾರಣ ಇರುತ್ತದೆ ಅಲ್ವಾ?

ಇಲ್ಲಿಗೆ ಬರುವ ಮುಂಚೆ ಬೇರೊಂದು ಕಡೆ ಹೋಗಿ ಬಂದೆವು. ಹೆಸರು ಬೇಡ. ಅಲ್ಲಿ ಹೋದ ತಕ್ಷಣ ತಮ್ಮನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರು, "ನಮ್ಮ ಹತ್ರ ಇರಲಿ, ಸೇಫ್" ಅಂದರು. ಎರಡು ಲಕ್ಷ ಕೊಟ್ಟರೆ ಪಕ್ಕಾ ಸೆಲೆಕ್ಷನ್, ಮೆಡಿಕಲ್‌ನಲ್ಲೂ ನಮ್ಮವರಿದ್ದಾರೆ ಅಂದರು. ಕೊಟ್ಟಿದ್ದ ಕಾರ್ಡ್ ವಾಪಸ್ ಪಡೆಯಲು ನಾನು ಮೂರು ದಿನ ರಜೆ ಹಾಕಿ ಅಲೆದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸೇನೆಗೆ ಸೇರಲು ಯಾರಿಗೂ ಲಂಚ ಕೊಡಬೇಕಾಗಿಲ್ಲ. ಅರ್ಜಿ ಹಾಕುವುದು ಸೇನೆಯ ಸ್ವಂತ ವೆಬ್‌ಸೈಟ್‌ನಲ್ಲಿ, ತಮ್ಮನ ಸಲ ಪರೀಕ್ಷೆಗೆ ಕಟ್ಟಿದ್ದು 250 ರೂಪಾಯಿ ಅಷ್ಟೇ. ಒರಿಜಿನಲ್ ಕಾಗದ ಇಟ್ಟುಕೊಳ್ಳುತ್ತೇವೆ ಅನ್ನುವ ಕಡೆಯಿಂದ ಎದ್ದು ಬನ್ನಿ.

ಈ ಕೇಂದ್ರ ನಡೆಸುವವರು ನಿವೃತ್ತ ಸುಬೇದಾರರು. ಹುಡುಗರು ಅವರನ್ನು ಉಸ್ತಾದ್ ಅನ್ನುತ್ತಾರೆ. ಮೊದಲ ದಿನ ಅವರು ಫೀಸಿನ ಮಾತೇ ಎತ್ತಲಿಲ್ಲ. ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಮಿಲಿಟರಿಗೆ ಯಾಕೆ ಹೋಗಬೇಕು ಅಂತ ಕೇಳಿದರು. ಇವನು "ದೇಶಸೇವೆ ಮಾಡ್ಬೇಕು ಸರ್" ಅಂದ.

"ಸರಿನಪ್ಪ, ಒಳ್ಳೇದು. ಇಲ್ಲಿಗೆ ಬರೋರೆಲ್ಲ ಅದನ್ನೇ ಹೇಳ್ತಾರೆ. ನಿಂದೇನು, ಅದನ್ನ ಹೇಳು."

ತಮ್ಮ ಸುಮ್ನೆ ಕೂತ. ಅವರು ಬೈಯಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, ಯೋಚನೆ ಮಾಡಿ ಬರೆದುಕೊಂಡು ಬಾ, ನಾನೊಬ್ಬನೇ ಓದುತ್ತೇನೆ ಅಂದರು. ನನಗೆ ಆ ಕ್ಷಣ ಸ್ವಲ್ಪ ಸಿಟ್ಟು ಬಂತು. ಓಡುವುದು ಕಲಿಸಿ ಅಂದರೆ ಇವರು ಪ್ರಬಂಧ ಬರೆಸುತ್ತಾರಲ್ಲ ಅನ್ನಿಸಿತು. ಈಗ ಯಾರಾದರೂ ಈ ಕೇಂದ್ರದಲ್ಲಿ ಏನು ವಿಶೇಷ ಅಂತ ಕೇಳಿದರೆ ನಾನು ಮೊದಲು ಹೇಳುವುದು ಆ ನೋಟ್‌ಬುಕ್ಕಿನ ವಿಷಯವನ್ನೇ.

ಎರಡನೆಯದು, ಮನೆಯವರನ್ನು ಕರೆಸುವ ಭಾನುವಾರ. ಬ್ಯಾಚ್ ಶುರುವಾಗುವ ಮುಂಚೆ, ಫೀಸ್ ಕಟ್ಟುವ ಮುಂಚೆ, ಅಪ್ಪ ಅಮ್ಮ ಇಬ್ಬರೂ ಬರಲೇಬೇಕು ಅಂತ ಹೇಳಿ ಕರೆಸಿದರು. ಬೋರ್ಡ್ ಮೇಲೆ ಲೆಕ್ಕ ಬರೆದರು. 2022ರ ಜೂನ್‌ನಲ್ಲಿ ಅಗ್ನಿಪಥ ಅನ್ನುವ ಹೊಸ ಭರ್ತಿ ಯೋಜನೆ ಬಂದ ಮೇಲೆ ಸಿಪಾಯಿಯಾಗಿ ಸೇರುವವರೆಲ್ಲ ಅಗ್ನಿವೀರರೇ. ನಾಲ್ಕು ವರ್ಷದ ಕೆಲಸ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ಕೈಗೆ ಸಿಗುವುದು 21,000, ಉಳಿದ 9,000 ಸೇವಾನಿಧಿಗೆ, ಅಂದರೆ ಕೊನೆಗೆ ಒಟ್ಟಿಗೆ ಸಿಗುವ ಉಳಿತಾಯಕ್ಕೆ ಹೋಗುತ್ತದೆ, ಅಷ್ಟೇ ದುಡ್ಡನ್ನು ಸರ್ಕಾರವೂ ಹಾಕುತ್ತದೆ. ನಾಲ್ಕನೇ ವರ್ಷಕ್ಕೆ ಸಂಬಳ 40,000 ಆಗುತ್ತದೆ. ಹೊರಗೆ ಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸಿಗುತ್ತದೆ, ಅದಕ್ಕೆ ತೆರಿಗೆ ಇಲ್ಲ. ಆದರೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನೂರು ಜನರಲ್ಲಿ ಹೆಚ್ಚೆಂದರೆ 25 ಜನರನ್ನು ಮುಂದುವರಿಸುತ್ತಾರೆ.

ಪಿಂಚಣಿ ಇಲ್ಲ ಅಂದ ಕೂಡಲೇ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಮಗನ ಕೈ ಹಿಡಿದುಕೊಂಡು ಎದ್ದು ಹೋದರು. ಹಿಂದೆಲ್ಲ 15 ವರ್ಷ ಸೇವೆ ಮಾಡಿದ ಸಿಪಾಯಿಗೆ ಪಿಂಚಣಿ ಬರುತ್ತಿತ್ತು, ಊರಿನ ಮಿಲಿಟರಿಯವರನ್ನು ನೋಡಿ ಎಲ್ಲರ ತಲೆಯಲ್ಲೂ ಕೂತಿರುವುದು ಅದೇ. ಉಸ್ತಾದರು ಅವರನ್ನು ತಡೆಯಲಿಲ್ಲ. ಒಂದು ಫೀಸು ಕಣ್ಣೆದುರೇ ಹೋಯಿತು, ಆದರೂ ಮುಂದಿನ ಲೆಕ್ಕ ಬರೆದರು. ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಅಲ್ಲೇ.

ಅಮ್ಮ ಎಲ್ಲರ ಮುಂದೆ ಯಾವತ್ತೂ ಬಾಯಿ ಬಿಡುವವಳಲ್ಲ. ಅವತ್ತು ಎದ್ದು ನಿಂತು, "ಸ್ವಾಮಿ, ನನ್ ಮಗ ಸತ್ರೆ?" ಅಂತ ಕೇಳಿದಳು. ಇಡೀ ರೂಮು ಗಪ್‌ಚಿಪ್. ಅವರು ಹಾರಿಕೆಯ ಉತ್ತರ ಕೊಡಲಿಲ್ಲ. 48 ಲಕ್ಷದ ವಿಮೆ ಇದೆ, ಕರ್ತವ್ಯದಲ್ಲಿ ತೀರಿಕೊಂಡರೆ ಅದರ ಮೇಲೆ 44 ಲಕ್ಷ ಪರಿಹಾರ ಇದೆ ಅಂತ ಹೇಳಿ, ಬಳಪ ಕೆಳಗಿಟ್ಟು, "ಅಮ್ಮಾ, ಇದು ದುಡ್ಡಿನ ಲೆಕ್ಕ. ನೀವು ಕೇಳಿದ್ದು ಇದಲ್ಲ ಅಂತ ಗೊತ್ತು" ಅಂದರು. ಆಮೇಲೆ ತೇಜೂರಿನ ಮಾತು ತೆಗೆದರು. ಹಾಸನದ ಪಕ್ಕದಲ್ಲೇ ಇರುವ ಊರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಸಿಕ್ಕಿಕೊಂಡರಲ್ಲ, ಅವರಲ್ಲಿ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್ ಅವರೂ ಒಬ್ಬರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಹಿಮದಡಿಯಿಂದ ಜೀವಂತ ತೆಗೆದರು, ಫೆಬ್ರವರಿ 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ಅವರೂ ಹೋದರು. ಆಗ ತಮ್ಮನಿಗೆ ಹತ್ತು ವರ್ಷ. ಲೈನಿನಲ್ಲಿ ಟಿವಿ ಇದ್ದ ಒಂದೇ ಮನೆಯ ಬಾಗಿಲಲ್ಲಿ ನಾವೆಲ್ಲ ನಿಂತು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಉಸ್ತಾದರು ಇಷ್ಟೇ ಹೇಳಿದರು: ಕಳಿಸುವವರು ಇದನ್ನೂ ತಿಳಿದುಕೊಂಡು ಕಳಿಸಿ, ಆಮೇಲೆ ನನ್ನನ್ನು ಬೈಯಬೇಡಿ, ಮಗನನ್ನೂ ಬೈಯಬೇಡಿ. ಅಮ್ಮ ಮನೆಗೆ ಹೋಗುವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮೂರು ದಿನ ಬಿಟ್ಟು, "ಹೋಗ್ಲಿ ಬಿಡು, ಸೇರ್ಸು" ಅಂದಳು.

ಮೂರು ತಿಂಗಳಿಗೆ ಊಟ, ವಸತಿ ಎಲ್ಲ ಸೇರಿ ನಾನು ಕಟ್ಟಿದ್ದು 18,000. ಎರಡು ಕಂತಿನಲ್ಲಿ ಕೊಟ್ಟೆ, ರಸೀದಿ ಕೊಟ್ಟರು.

ಇನ್ನು ತರಬೇತಿಯ ವಿಷಯ. ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸುತ್ತಾರೆ. ಹಾಸನದ ಡಿಸೆಂಬರ್ ಚಳಿ ಗೊತ್ತಲ್ಲ, ಮಂಜಿನಲ್ಲಿ ಮುಂದಿನವನ ಬೆನ್ನು ಕಾಣುವುದಿಲ್ಲ. ಸೇನೆಯ ಓಟ 1.6 ಕಿಲೋಮೀಟರ್, ಅಂದರೆ 400 ಮೀಟರಿನ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ತಮ್ಮ ಮೊದಲ ದಿನ 6 ನಿಮಿಷ 20 ಸೆಕೆಂಡ್ ತೆಗೆದುಕೊಂಡ. ತೋಟದ ಏರು ಇಳಿಜಾರಿನಲ್ಲಿ ಓಡಾಡಿದ ಹುಡುಗ, ಉಸಿರು ಇದೆ, ಕಾಲಲ್ಲಿ ಶಕ್ತಿ ಇದೆ, ಆದರೂ ಆಗಲಿಲ್ಲ. ಯಾಕೆಂದರೆ ಹೊಸಬರೆಲ್ಲ ಮೊದಲ ಸುತ್ತನ್ನು ಹುಚ್ಚರ ಹಾಗೆ ಓಡಿ ಮೂರನೇ ಸುತ್ತಿಗೆ ಸುಸ್ತಾಗುತ್ತಾರೆ. ಇಲ್ಲಿ ಪ್ರತಿ ಸುತ್ತನ್ನೂ 82 ಸೆಕೆಂಡಿಗೆ ಕಟ್ಟಿ ಓಡುವುದನ್ನು ಕಲಿಸುತ್ತಾರೆ. ಗೆರೆಯ ಹತ್ತಿರ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಅಣ್ಣ ಒಬ್ಬರಿದ್ದಾರೆ, 75ಕ್ಕೆ ಬಂದರೂ ಬೈಗುಳ, 90ಕ್ಕೆ ಬಂದರೂ ಬೈಗುಳ. ಆ ಅಣ್ಣನದೇ ಒಂದು ಕಥೆ. ಕೋವಿಡ್‌ನಲ್ಲಿ ಎರಡು ವರ್ಷ ಭರ್ತಿ ನಿಂತು ಅವರ ವಯಸ್ಸು ಮೀರಿತು, 2022ರಲ್ಲಿ ಒಂದು ಸಲಕ್ಕೆ 23 ವರ್ಷದವರೆಗೆ ಸಡಿಲ ಮಾಡಿದಾಗಲೂ ಮೂರು ತಿಂಗಳಲ್ಲಿ ತಪ್ಪಿಹೋಯಿತು. ಈಗ ಬೆಳಗ್ಗೆ ಹುಡುಗರನ್ನು ಓಡಿಸಿ, ಆಮೇಲೆ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಓಟ ಮುಗಿದ ಮೇಲೆ ಬೀಮ್, ಅಂದರೆ ಕಂಬಿ ಹಿಡಿದು ನೇತಾಡಿ ಮೈಯನ್ನು ಮೇಲಕ್ಕೆ ಎಳೆಯುವುದು. ಹತ್ತು ಸಲ ಎಳೆದರೆ 40 ಅಂಕ. 9 ಅಡಿ ಹಳ್ಳ ಹಾರುವುದು, ಜಿಗ್‌ಜಾಗ್ ಬ್ಯಾಲೆನ್ಸ್, ಇವೆರಡಕ್ಕೆ ಅಂಕ ಇಲ್ಲ, ಪಾಸಾದರೆ ಸಾಕು. ಎದೆ 5 ಸೆಂಟಿಮೀಟರ್ ಉಬ್ಬಬೇಕು. ಎತ್ತರ ನಮ್ಮ ಕಡೆಯವರಿಗೆ ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸಿಪಾಯಿ ಕೆಲಸಕ್ಕೆ, 166 ಸೆಂಟಿಮೀಟರ್, ಅದನ್ನು ಕೇಂದ್ರಕ್ಕೆ ಸೇರುವ ದಿನವೇ ಗೋಡೆಗೆ ನಿಲ್ಲಿಸಿ ಅಳೆಯುತ್ತಾರೆ. ಚಪ್ಪಟೆ ಪಾದ, ನಿಂತಾಗ ಎರಡು ಮಂಡಿ ಒಂದಕ್ಕೊಂದು ತಾಗುವುದು ಇದನ್ನೂ ಅವತ್ತೇ ನೋಡುತ್ತಾರೆ. ಕಡಿಮೆ ಇದ್ದರೆ ನೇರವಾಗಿ ಹೇಳಿ ಕಳಿಸುತ್ತಾರೆ.

ಊಟಕ್ಕೆ ಪೂರ್ತಿ ಅಂಕ. ನೆನೆಸಿದ ಕಡಲೆಕಾಳು, ದಿನಾ ಎರಡು ಮೊಟ್ಟೆ, ಮಧ್ಯಾಹ್ನ ಮುದ್ದೆ ಬಸ್ಸಾರು. ಭಾನುವಾರ ಕೋಳಿ.

ಆ ಭಾನುವಾರಗಳಲ್ಲೇ ನಾನು ಹುಡುಗರ ಮಾತು ಕೇಳಿದ್ದು. ಹೊರಗಿನವರು ಇವರೆಲ್ಲ ಬಡತನಕ್ಕೇ ಹೋಗುತ್ತಾರೆ ಅಂತಾರೆ, ಇನ್ನು ಕೆಲವರು ದೇಶಭಕ್ತಿ ಉಕ್ಕಿ ಹೋಗುತ್ತಾರೆ ಅಂತಾರೆ. ಎರಡೂ ಅರ್ಧ ನಿಜ. ಆಲೂರು ಕಡೆಯ ಒಬ್ಬನ ಮನೆಯಲ್ಲಿ ಶುಂಠಿ ಹಾಕಿ ಕೈಸುಟ್ಟುಕೊಂಡಿದ್ದಾರೆ, ಅವನಿಗೆ ಆ 11 ಲಕ್ಷ ಒಟ್ಟಿಗೆ ಸಿಗುವುದೇ ಮುಖ್ಯ. ಕಡೂರಿನವನಿಗೆ ಊರು ಬಿಟ್ಟು ಲಡಾಖ್ ನೋಡಬೇಕು, ಹಿಮ ಮುಟ್ಟಬೇಕು, ಅಷ್ಟೇ. ಒಬ್ಬನ ತಾತ ಫೌಜಿಯಾಗಿದ್ದವರು, ಅವರ ಟ್ರಂಕ್ ಮನೆಯಲ್ಲಿದೆ, ಚಿಕ್ಕಂದಿನಿಂದ ಅದರ ಮೇಲೆ ಕೂತೇ ಓದಿದವನು. ಇನ್ನೊಬ್ಬ ಕುಡುಕ ಅಪ್ಪನಿಂದ ದೂರ ಹೋದರೆ ಸಾಕು ಅಂತ ಬಂದಿದ್ದಾನೆ. ಹತ್ತಿರದ ಗೆಳೆಯ ಸೇರಿದ ಅಂತ ಸೇರಿದವರೂ ಇದ್ದಾರೆ. ದೇಶ ಅನ್ನುವ ಮಾತು ಇವರ ಬಾಯಲ್ಲಿ ಸುಳ್ಳಲ್ಲ, ಆದರೆ ಅದು ಒಬ್ಬೊಬ್ಬರಿಗೆ ಒಂದೊಂದು ಬಾಗಿಲಿಂದ ಬಂದಿದೆ.

ನನ್ನ ತಮ್ಮನ ಕಾರಣ ನನಗೆ ಗೊತ್ತಾಗಿದ್ದು ಎರಡನೇ ತಿಂಗಳಲ್ಲಿ. ನೋಟ್‌ಬುಕ್ ನಾನು ಓದಲಿಲ್ಲ, ಅವನೇ ಹೇಳಿದ. ತೋಟದಲ್ಲಿ ಕೂಲಿಯವರ ಮೇಲ್ವಿಚಾರಣೆ ನೋಡುವ ರೈಟರು ಅಪ್ಪನನ್ನು ಕರೆಯುವುದು "ಬಾರ್ಲಾ ಇಲ್ಲಿ" ಅಂತ. ಅಪ್ಪನಿಗೆ 55 ವರ್ಷ, ರೈಟರಿಗೆ ಮೂವತ್ತು ಇರಬಹುದು. ಒಂದು ದಿನ ಪಕ್ಕದ ಊರಿನ ನಿವೃತ್ತ ಹವಾಲ್ದಾರರೊಬ್ಬರು ಏನೋ ಕೆಲಸಕ್ಕೆ ತೋಟಕ್ಕೆ ಬಂದರಂತೆ. ಅವರೂ ನಮ್ಮಂಥ ಕೂಲಿ ಮನೆಯಿಂದಲೇ ಹೋದವರು. ಸಾಹುಕಾರರು ಎದ್ದು ಬಂದು, "ಬನ್ನಿ, ಕೂತ್ಕೊಳ್ಳಿ" ಅಂತ ಕುರ್ಚಿ ಹಾಕಿಸಿ ಕಾಫಿ ಕೊಡಿಸಿದರಂತೆ. ತಮ್ಮ ಆಗ ಎಂಟನೇ ಕ್ಲಾಸು, ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗಿ ಅಲ್ಲೇ ನಿಂತಿದ್ದ. "ಅಪ್ಪನ್ನ ಯಾರಾದ್ರೂ 'ಬನ್ನಿ' ಅಂದಿದ್ದು ಕೇಳಿದ್ಯಾ ಅಕ್ಕಾ ನೀನು?" ಅಂದ. ನಾನು ಕೇಳಿಲ್ಲ. ಸಂಬಳ, ಸಾಲ ಅಂತ ನಾನು ಇಷ್ಟು ದಿನ ಲೆಕ್ಕ ಹಾಕುತ್ತಿದ್ದೆ.

ಉಸ್ತಾದರು ಅದನ್ನು ಓದಿ ಒಳ್ಳೆಯ ಕಾರಣ ಅಂದರಂತೆ, ಜೊತೆಗೆ ಒಂದು ಪ್ರಶ್ನೆ ಕೇಳಿದರಂತೆ: ನಾಲ್ಕು ವರ್ಷ ಬಿಟ್ಟು ಯೂನಿಫಾರ್ಮ್ ಬಿಚ್ಚಿ ಬಂದಾಗ ನಿನ್ನನ್ನ ಏನಂತ ಕರೀಬೇಕು? ಆಮೇಲೆ ದಾರಿಯನ್ನೂ ಅವರೇ ಹೇಳಿದ್ದಾರೆ. ಅಗ್ನಿವೀರರಿಗೆ ಅಂತಲೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಡಿಗ್ರಿ ಇದೆ, ಸೇನೆಯ ತರಬೇತಿಯೇ ಅದರಲ್ಲಿ ಅರ್ಧ ಕ್ರೆಡಿಟ್ ಆಗುತ್ತದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳಲ್ಲಿ ಅಗ್ನಿವೀರರಿಗೆ ಮೀಸಲಾತಿ ಇದೆ. ತಮ್ಮ ಇದನ್ನೆಲ್ಲ ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಾನೆ.

ಅವನು ಆನ್‌ಲೈನ್ ಪರೀಕ್ಷೆ ಪಾಸಾದ. ಓಟ, ಬೀಮ್ ಎಲ್ಲ ನಡೆಯುವ ಸೇನೆಯ ಭರ್ತಿ ರ‍್ಯಾಲಿಯಲ್ಲಿ 5 ನಿಮಿಷ 28 ಸೆಕೆಂಡಿಗೆ ಓಡಿದ, ಬೀಮ್ ಎಂಟು. ಮೆಡಿಕಲ್ ಆಗಿದೆ, ಮೆರಿಟ್ ಲಿಸ್ಟ್ ಇನ್ನೂ ಬಂದಿಲ್ಲ. ಹಾಗಾಗಿ ಇದು ಸೆಲೆಕ್ಷನ್ ಆದ ಖುಷಿಯಲ್ಲಿ ಬರೆದ ರಿವ್ಯೂ ಅಲ್ಲ.

ಈಗ ಕೊರತೆಗಳು. ಲೆಕ್ಕ ಮತ್ತು ರೀಸನಿಂಗ್ ಪಾಠ ಸಾಲದು, ಮೇಷ್ಟ್ರು ವಾರಕ್ಕೆ ಎರಡೇ ದಿನ ಬರುತ್ತಾರೆ. ಈಗ ರ‍್ಯಾಲಿಗಿಂತ ಮೊದಲೇ ಆನ್‌ಲೈನ್ ಪರೀಕ್ಷೆ, ಒಂದು ಗಂಟೆಯಲ್ಲಿ 50 ಪ್ರಶ್ನೆ, ತಪ್ಪಿಗೆ ಅಂಕ ಕಡಿತ. ಅದರಲ್ಲಿ ಬಿದ್ದವನಿಗೆ ಓಡುವ ಅವಕಾಶವೇ ಇಲ್ಲ. ಕಂಪ್ಯೂಟರ್ ಮುಂದೆ ಒಂದು ಸಲವೂ ಕೂತಿರದ ಹುಡುಗರು ಇರುತ್ತಾರೆ, ಅವರಿಗೆ ಅಭ್ಯಾಸ ಮಾಡಿಸಬೇಕು. 32 ಹುಡುಗರಿಗೆ ಎರಡೇ ಶೌಚಾಲಯ, ಇದು ಆಗಬಾರದು. ಚಿಕ್ಕಮಗಳೂರು ಜಿಲ್ಲೆಯವರು ಗಮನಿಸಿ, ನಿಮ್ಮ ಭರ್ತಿ ಕಚೇರಿ ಮಂಗಳೂರು, ಹಾಸನದವರದು ಬೆಂಗಳೂರು. ಇದನ್ನು ಇಲ್ಲಿ ಬೇಗ ಹೇಳುವುದಿಲ್ಲ, ಕಡೂರಿನ ಹುಡುಗ ಅರ್ಜಿ ತುಂಬುವಾಗ ಗೊಂದಲ ಮಾಡಿಕೊಂಡಿದ್ದ.

ಆದರೆ ಒಂದು ಸ್ಟಾರ್ ಕಡಿಮೆ ಮಾಡಿದ್ದು ಇವ್ಯಾವುದಕ್ಕೂ ಅಲ್ಲ. ಇಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುವುದಿಲ್ಲ. ಮಿಲಿಟರಿ ಪೊಲೀಸ್‌ಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ, ಮೊದಲ ಬ್ಯಾಚ್ 2021ರಲ್ಲೇ ಬೆಂಗಳೂರಿನಿಂದ ಹೊರಬಂದಿದೆ. ಉಸ್ತಾದರನ್ನು ಕೇಳಿದೆ, ಇರಲು ಬೇರೆ ವ್ಯವಸ್ಥೆ ಇಲ್ಲಮ್ಮ ಅಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಹಾಗಾದರೆ ಬೆಳಗಿನ ಗ್ರೌಂಡಿಗಾದರೂ ಸೇರಿಸಿಕೊಳ್ಳಿ, ಉಳಿಯುವುದು ನನ್ನ ರೂಮಿನಲ್ಲಿ ಆಗುತ್ತದೆ. ನಮ್ಮ ಲೈನಿನಲ್ಲಿ ಹತ್ತನೇ ಕ್ಲಾಸು ಮುಗಿಸಿದ ಹುಡುಗಿ ಒಬ್ಬಳಿದ್ದಾಳೆ, ನಾನು ಊರಿಗೆ ಹೋದಾಗಲೆಲ್ಲ ಬಂದು, "ಅಕ್ಕಾ, ಒಂದು ಸುತ್ತಿಗೆ ಎಷ್ಟು ಸೆಕೆಂಡು ಅಂದ್ರಿ?" ಅಂತ ಕೇಳುತ್ತಾಳೆ.