ಸಂತರ ಹಬ್ಬಕ್ಕೆ ಮಕ್ಕಳ ಕೈಗೆ ಏನು ಕೊಡಬೇಕು? ಪ್ರತಿಮೆ, ಜಪಸರದ ಕಿಟ್, ಹೂಬುಟ್ಟಿ, ಮೇಣದಬತ್ತಿ: ಒಂದು ವಿಮರ್ಶೆ

ಮಂಗಳೂರು, ಉಡುಪಿಯ ಚರ್ಚ್‌ಗಳ ಹತ್ತಿರದ ಅಂಗಡಿಗಳಲ್ಲಿ, ಕಾರ್ಕಳದ ಹತ್ತಿರ ಜನವರಿಯಲ್ಲಿ ನಡೆಯುವ ಸಂತ ಲಾರೆನ್ಸರ ಅತ್ತೂರು ಜಾತ್ರೆಯ ಸಾಲು ಮಳಿಗೆಗಳಲ್ಲಿ ಸಂತರ ಹಬ್ಬದ ಸಾಮಾನಿಗೆ ಕೊರತೆಯಿಲ್ಲ. ಆದರೆ ಮನೆಯಲ್ಲಿ ಮಕ್ಕಳ ಜೊತೆ ಹಬ್ಬ ಮಾಡುವವರಿಗೆ ಎಲ್ಲವೂ ಕೊಳ್ಳುವಂಥದ್ದಲ್ಲ. ಮಗು ಎತ್ತಿ, ಪೋಣಿಸಿ, ತುಂಬಿ ಮಾಡುವಂಥದ್ದು ವರ್ಷವರ್ಷವೂ ಹೊರಗೆ ಬರುತ್ತದೆ. ‘ಮುಟ್ಬೇಡ’ ಅಂತ ಹೇಳಿ ಶೋಕೇಸಿಗೆ ಏರಿಸಿದ್ದು ಅಲ್ಲೇ ಉಳಿಯುತ್ತದೆ. ಈ ವಿಮರ್ಶೆಯ ಅಳತೆಗೋಲು ಅಷ್ಟೇ.

ಮೊದಲು ಪ್ರತಿಮೆ. ಅಗ್ಗಕ್ಕೆ ಸಿಗುವುದು ಪ್ಲಾಸ್ಟರ್ ಆಫ್ ಪ್ಯಾರಿಸ್. ಬಣ್ಣ ಚೆನ್ನಾಗಿ ಕೂರುತ್ತದೆ, ಮುಖದ ಕಳೆಯೂ ಇರುತ್ತದೆ. ನಮ್ಮ ಕರಾವಳಿಯ ಮಳೆಗಾಲ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಕೊಳ್ಳುವಾಗ ತಿರುವಿ ಅಡಿಭಾಗ ನೋಡಿ. ಬಣ್ಣ ಹಚ್ಚದೆ ಬೆಳ್ಳಗೆ ಬಿಟ್ಟಿದ್ದರೆ ತೇವ ಅಲ್ಲಿಂದಲೇ ಏರುತ್ತದೆ, ಪಾದದ ಬಳಿಯ ಬಣ್ಣ ಮೊದಲು ಚಕ್ಕೆಯೇಳುತ್ತದೆ. ಸಂತ ಅಂತೋನಿಯ ಹಬ್ಬ ಜೂನ್ 13, ಮುಂಗಾರು ಶುರುವಾಗುವ ಹೊತ್ತು. ಹಾಗಾಗಿ ಬೇಸಿಗೆಯಲ್ಲೇ ತಂದು, ಎರಡು ದಿನ ಬಿಸಿಲಿಗೆ ಒಣಗಿಸಿ, ಅಡಿಗೆ ಎರಡು ಕೋಟ್ ವಾರ್ನಿಶ್ ಹಚ್ಚಿ. ಮೊದಲ ಕೋಟ್ ಪೂರ್ತಿ ಒಣಗಿದ ಮೇಲೆಯೇ ಎರಡನೆಯದು. ನೀರಿಳಿಯುವ ಗೋಡೆಗೆ ತಾಗಿಸಿ ಇಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣ ಬ್ರಶ್ ಸಾಕು.

ಆರು ವರ್ಷದ ಒಳಗಿನ ಮಕ್ಕಳಿರುವ ಮನೆಗೆ ನಮ್ಮ ಆಯ್ಕೆ ರೆಸಿನ್ ಪ್ರತಿಮೆ, ನಾಲ್ಕರಿಂದ ಆರು ಇಂಚು ಎತ್ತರದ್ದು. ಬೆಲೆ ಹೆಚ್ಚು, ಆದರೆ ತೇವಕ್ಕೆ ಜಗ್ಗುವುದಿಲ್ಲ, ಮಗು ಎರಡೂ ಕೈಯಲ್ಲಿ ಹಿಡಿದು ಮನೆಯೊಳಗೆ ಚಿಕ್ಕ ಮೆರವಣಿಗೆ ಮಾಡಬಹುದು. ಮುರಿದರೆ ಬೆರಳು, ಲಿಲ್ಲಿ ಹೂವಿನಂಥ ಚಾಚಿದ ಭಾಗವೇ ಮುರಿಯುವುದು. ಸೂಪರ್ ಗ್ಲೂ ಹಿಡಿಯುತ್ತದೆ. ಪಾದ್ರಿಗಳು ಮಂತ್ರಿಸಿದ (ಆಶೀರ್ವದಿಸಿದ) ಪ್ರತಿಮೆ ಸರಿಮಾಡಲಾಗದಷ್ಟು ಒಡೆದರೆ ಕಸಕ್ಕೆ ಹಾಕುವಂತಿಲ್ಲ, ತೋಟದಲ್ಲಿ ಹೂಳಬೇಕು.

ಅಂಗಡಿಯಲ್ಲಿ ಅವಸರದಲ್ಲಿ ತಪ್ಪುವುದು ಅಂತೋನಿ ಮತ್ತು ಜೋಸೆಫರ ನಡುವೆ. ಇಬ್ಬರ ತೋಳಲ್ಲೂ ಬಾಲಯೇಸು, ಇಬ್ಬರ ಕೈಯಲ್ಲೂ ಲಿಲ್ಲಿ. ಜೋಸೆಫರಿಗೆ ಗಡ್ಡವಿದೆ. ಅಂತೋನಿ ಗಡ್ಡವಿಲ್ಲದ ಯುವಕ, ಕಂದು ನಿಲುವಂಗಿ, ಸೊಂಟದ ಹಗ್ಗದಲ್ಲಿ ಮೂರು ಗಂಟು. ಆ ಗಂಟುಗಳನ್ನು ಮಕ್ಕಳಿಂದಲೇ ಎಣಿಸಿ, ಫ್ರಾನ್ಸಿಸ್ಕನ್ನರ ಬಡತನ, ಬ್ರಹ್ಮಚರ್ಯ, ವಿಧೇಯತೆಯ ಪ್ರತಿಜ್ಞೆ ವಿವರಿಸಬಹುದು. ಲಾರೆನ್ಸರ ಪಕ್ಕ ಕಬ್ಬಿಣದ ಜಾಲರಿ ಇರಲೇಬೇಕು. ಜಾಲರಿಯ ಬದಲು ಕಲ್ಲುಗಳಿದ್ದರೆ ಅದು ಸ್ತೆಫಾನರ ಪ್ರತಿಮೆ. ಇಬ್ಬರೂ ಸೇವಾದರ್ಶಿಗಳಾದ್ದರಿಂದ (ಡೀಕನ್, ಗುರುಗಳಿಗಿಂತ ಕೆಳಗಿನ ದರ್ಜೆಯ ಚರ್ಚ್ ಸೇವಕರು) ಉಡುಪು ಒಂದೇ ಥರ.

ಜಪಸರ (ರೋಸರಿ) ಪೋಣಿಸುವ ಕಿಟ್ ನಿಜಕ್ಕೂ ಒಳ್ಳೆಯ ಸಾಮಾನು, ಆದರೆ ಎಣಿಸಿ ಕೊಳ್ಳಿ. ಐದು ದಶಕದ (ಹತ್ತು ಮಣಿಯ ಗುಂಪಿಗೆ ದಶಕ ಎನ್ನುತ್ತಾರೆ) ಜಪಸರಕ್ಕೆ 59 ಮಣಿ: ನಮೋ ಮರಿಯಾ ಪ್ರಾರ್ಥನೆಗೆ 53, ಪರಲೋಕ ಪ್ರಾರ್ಥನೆಗೆ 6. ಎರಡು ಬಗೆಯ ಮಣಿ ಬಣ್ಣದಲ್ಲೋ ಗಾತ್ರದಲ್ಲೋ ಬೇರೆಯಾಗಿರಬೇಕು. ಲೆಕ್ಕಕ್ಕೆ ಸರಿಯಾಗಿ 59 ಮಾತ್ರ ಕೊಟ್ಟಿದ್ದರೆ ಒಂದು ಮಣಿ ಮಂಚದ ಕೆಳಗೆ ಉರುಳಿದರೂ ಕೆಲಸ ನಿಂತಿತು. ಎಂಟು ಮಿಲಿಮೀಟರ್ ಮಣಿ, ಒಂದು ಮಿಲಿಮೀಟರ್ ನೈಲಾನ್ ದಾರ ಮಕ್ಕಳ ಬೆರಳಿಗೆ ಹದ. ದಾರದ ತುದಿಯನ್ನು ದೊಡ್ಡವರು ಬೆಂಕಿಗೆ ಹಿಡಿದು ಗಟ್ಟಿ ಮಾಡಿಕೊಟ್ಟರೆ ಸೂಜಿ ಬೇಡ. ಎಲಾಸ್ಟಿಕ್ ದಾರದ ಕಿಟ್ ಬೇಡವೇ ಬೇಡ. ಮಕ್ಕಳು ಎಳೆದು ಎಳೆದು ಅದು ಜೋಲುತ್ತದೆ, ಆಮೇಲೆ ತುಂಡಾಗಿ ಮಣಿಯೆಲ್ಲ ಚೆಲ್ಲುತ್ತದೆ.

ಏಳರ ಕೆಳಗಿನವರಿಗೆ ಪೂರ್ತಿ ಜಪಸರ ಉದ್ದವಾಯಿತು. ಹತ್ತು ಮಣಿ, ಒಂದು ದೊಡ್ಡ ಮಣಿ, ಒಂದು ಶಿಲುಬೆ: ಒಂದೇ ದಶಕದ ಸರ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಸಂಜೆಯ ತೆರ್ಸಿಗೆ (ಮನೆಮಂದಿಯ ಜಪಸರ ಪ್ರಾರ್ಥನೆಗೆ) ಮಗು ಅದನ್ನೇ ಹಿಡಿದು ಕೂರುತ್ತದೆ. ಮೂರು ವರ್ಷದ ಕೆಳಗಿನ ಮಗು ಮನೆಯಲ್ಲಿದ್ದರೆ ಮಣಿ ಬಾಯಿಗೆ ಹೋಗುವ ಅಪಾಯವಿದೆ. ಆ ಮಗು ಮಲಗಿದ ಮೇಲೆಯೇ ಡಬ್ಬಿ ತೆಗೆಯಿರಿ.

ಮೊಂತಿ ಫೆಸ್ತಿನ, ಅಂದರೆ ಮರಿಯಮ್ಮನ ಜನ್ಮದಿನದ ಹಬ್ಬದ, ಹೂಬುಟ್ಟಿ ಎಲ್ಲಕ್ಕಿಂತ ಮೇಲು. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಎಂಬ ಪ್ರಾರ್ಥನೆ, ಸೆಪ್ಟೆಂಬರ್ 8 ಹಬ್ಬ, ದಿನವೂ ಬಾಲ ಮರಿಯಮ್ಮನಿಗೆ ಹೂ ಕೊಂಡೊಯ್ಯುವ ಕೆಲಸ ಮಕ್ಕಳದೇ. ಪ್ಲಾಸ್ಟಿಕ್ ಬುಟ್ಟಿಗೆ ಜರಿ, ರಿಬ್ಬನ್ ಸುತ್ತಿ ಮಾರುತ್ತಾರೆ. ಅಂಟು ಮಳೆಗೆ ಬಿಟ್ಟುಕೊಳ್ಳುತ್ತದೆ, ಹಿಡಿ ಕೊಕ್ಕೆಯಿಂದ ಕಳಚುತ್ತದೆ. ಬೆತ್ತದ ಬುಟ್ಟಿ ತೆಗೆದುಕೊಳ್ಳಿ, ಹಿಡಿಯ ಬೆತ್ತ ಬುಟ್ಟಿಯ ತಳದವರೆಗೂ ಹೆಣೆದು ಬಂದಿರಬೇಕು. ಬಾಯಿ ಏಳೆಂಟು ಇಂಚು ಅಗಲ, ಆಳ ನಾಲ್ಕು ಇಂಚು ಸಾಕು. ಆಳ ಹೆಚ್ಚಿದರೆ ತುಂಬಲು ಹೂ ಸಾಲದು, ಅಡಿಯ ಹೂ ನಜ್ಜಾಗುತ್ತದೆ. ಒಳಗೆ ಬಾಳೆ ಎಲೆ ಹಾಸಿ. ದಾಸವಾಳ ಒಂದೇ ದಿನಕ್ಕೆ ಮುದುಡುವ ಹೂ, ಹೊರಡುವ ಮುಂಚೆ ಕೊಯ್ಯಬೇಕು. ಕೇಪುಳ, ಗೋರಂಟೆ ಸ್ವಲ್ಪ ತಡೆಯುತ್ತವೆ. ಮನೆಗೆ ಬಂದ ಕೂಡಲೇ ಎಲೆ ತೆಗೆದು ಬುಟ್ಟಿಯನ್ನು ಒಲೆಯ ಹತ್ತಿರ ಕವುಚಿಡಿ, ಇಲ್ಲವಾದರೆ ನೊವೆನಾ ಮುಗಿಯುವ ಮುಂಚೆ ಬೂಸ್ಟು ಹಿಡಿಯುತ್ತದೆ. ಹಬ್ಬದ ದಿನ ಅದೇ ಬುಟ್ಟಿಯಲ್ಲಿ ಚರ್ಚ್‌ನಲ್ಲಿ ಕೊಟ್ಟ ಹೊಸ ಭತ್ತದ ತೆನೆ ಮನೆಗೆ ಬರಲಿ. ಕಾಳು ಸುಲಿದು ಪಾಯಸಕ್ಕೆ ಹಾಕುವುದನ್ನೂ ಮಕ್ಕಳಿಗೇ ಬಿಡಿ.

ಮೇಣದಬತ್ತಿಯಲ್ಲಿ ದಪ್ಪ, ಗಿಡ್ಡ ಬತ್ತಿಯೇ ಒಳ್ಳೆಯದು. ಉದ್ದನೆಯ ಸಪೂರ ಬತ್ತಿ ಸೆಕೆಗೆ ಬಾಗುತ್ತದೆ, ಫ್ಯಾನ್ ಗಾಳಿಗೆ ಒಂದೇ ಬದಿ ಸುರಿಯುತ್ತದೆ. ಬತ್ತಿಯ ನೂಲನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿದರೆ ಹೊಗೆ ಕಡಿಮೆ. ಮರಳು ತುಂಬಿದ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ. ಫೆಬ್ರವರಿ 3, ಸಂತ ಬ್ಲೇಸರ ಹಬ್ಬಕ್ಕೆ, ಚರ್ಚ್‌ನಲ್ಲಿ ಗಂಟಲಿಗೆ ಹಿಡಿದು ಆಶೀರ್ವದಿಸುವ ಬತ್ತಿಗಳಂತೆ, ಎರಡು ಬತ್ತಿಯನ್ನು ಶಿಲುಬೆಯಾಕಾರದಲ್ಲಿ ಕೆಂಪು ರಿಬ್ಬನ್ನಿನಿಂದ ಕಟ್ಟಿಸಬಹುದು. ಅದಕ್ಕೆ ಮಾತ್ರ ಸಪೂರ ಬತ್ತಿ ಬೇಕು, ಹಚ್ಚುವುದು ಬೇಡ.

ಆನ್‌ಲೈನಿನಲ್ಲಿ ಬರುವ ‘ವರ್ಷದ ಸಂತರು’ ಚಿತ್ರಕಾರ್ಡುಗಳ ಮುದ್ರಣ ಚೆನ್ನಾಗಿರುತ್ತದೆ, ಆದರೆ ವಿದೇಶಿ ಪಟ್ಟಿಯಲ್ಲಿ ನಮ್ಮವರು ಹೆಚ್ಚಾಗಿ ಸಿಗುವುದಿಲ್ಲ. ಕೆನರಾದಲ್ಲಿ (ನಮ್ಮ ಕರಾವಳಿಯಲ್ಲಿ) ದುಡಿದು 2015ರಲ್ಲಿ ಸಂತ ಪದವಿಗೇರಿದ ಜೋಸೆಫ್ ವಾಜ್ (ಜನವರಿ 16), ಕೇರಳದ ಅಲ್ಫೋನ್ಸಾ (ಜುಲೈ 28) ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಆ ಅಳತೆಗೆ ಡ್ರಾಯಿಂಗ್ ಶೀಟ್ ಕತ್ತರಿಸಿ ಮಕ್ಕಳಿಂದ ಬರೆಸಿ ಸೇರಿಸಬಹುದು. ಸಂತ ತೋಮಸರ ಹಬ್ಬ ಡಿಸೆಂಬರ್ 21 ಎಂದಿದ್ದರೆ ಅದು 1969ರ ಬದಲಾವಣೆಗೆ ಮುಂಚಿನ ಪಂಚಾಂಗ. ಈಗ ಅದು ಜುಲೈ 3. ಅಂಥ ಕಾರ್ಡುಗಳನ್ನು ಕೊಂಡರೆ ಉಳಿದ ತಾರೀಖುಗಳನ್ನೂ ಚರ್ಚಿನ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ತಾಳೆ ನೋಡಬೇಕಾಗುತ್ತದೆ.