ಎಂಜಿನ್ ದೀಪ ಓದುವ ನೀಲಿ ಡಬ್ಬಿ

ಕಾರಿನ ಎಂಜಿನ್ ದೀಪ ಏಕೆ ಹೊತ್ತಿತೆಂದು ಮೊಬೈಲ್‌ಗೆ ತಿಳಿಸುವ ಈ ಡಬ್ಬಿಯ ಬೆಲೆ ಏಳುನೂರು ರೂಪಾಯಿಯ ಆಸುಪಾಸು. ಮೈಮೇಲೆ ‘ಇಎಲ್‌ಎಂ 327’ ಎಂದು ಅಚ್ಚಾಗಿದೆ. ಅದು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ರೂಪಿಸಿದ ಚಿಪ್‌ನ ಹೆಸರು. ಈ ದುಡ್ಡಿಗೆ ಸಿಗುವುದು ನಕಲು ಎಂದು ಗೊತ್ತಿದ್ದೇ ಕೊಂಡೆ. ಜೊತೆಗೊಂದು ಪುಟಾಣಿ ಸಿ.ಡಿ. ಬೇರೆ ಕೊಟ್ಟಿದ್ದಾರೆ, ಅದನ್ನು ಹಾಕುವ ಯಂತ್ರ ಈಗ ಯಾರ ಮನೆಯಲ್ಲಿದೆಯೋ! ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಚುಚ್ಚಿ, ಬ್ಲೂಟೂತ್‌ಗೆ 1234 ಒತ್ತಿ, ಮೊಬೈಲ್‌ನಲ್ಲಿ ಯಾವುದಾದರೂ ಉಚಿತ ಒಬಿಡಿ (ಕಾರು ತನ್ನ ದೋಷ ತಾನೇ ಪತ್ತೆಹಚ್ಚುವ ವ್ಯವಸ್ಥೆ) ಆ್ಯಪ್ ತೆರೆದರೆ ಕೆಲಸ ಶುರು.

ಕೊಳ್ಳಲು ಕಾರಣ ಆಗುಂಬೆ ಘಾಟಿ. ಉಡುಪಿಯಿಂದ ಬರುವಾಗ ಏರಿನಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರು ನಡುಗತೊಡಗಿ, ಎಂಜಿನ್ ದೀಪ ಮಿನುಗಲಾರಂಭಿಸಿತು. ದೀಪ ಸುಮ್ಮನೆ ಉರಿಯುತ್ತಿದ್ದರೆ ಸಾಮಾನ್ಯವಾಗಿ ಮನೆ ಮುಟ್ಟಬಹುದು. ಮಿನುಗಿದರೆ ಮಿಸ್‌ಫೈರ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ: ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೇ ಸುಡುತ್ತದೆ. ಸರ್ವಿಸ್ ಕೇಂದ್ರದವರು ಬಾನೆಟ್ ಎತ್ತುವ ಮೊದಲೇ ಕಿಡಿ ಹಾರಿಸುವ ನಾಲ್ಕೂ ಪ್ಲಗ್, ಅವಕ್ಕೆ ವಿದ್ಯುತ್ ಕೊಡುವ ನಾಲ್ಕೂ ಇಗ್ನಿಷನ್ ಕಾಯಿಲ್ ಬದಲಿಸಬೇಕು ಎಂದರು. ಸ್ಕ್ಯಾನಿಂಗ್ ಶುಲ್ಕ ಪ್ರತ್ಯೇಕವಂತೆ.

ಡಬ್ಬಿ ತೋರಿಸಿದ ದೋಷದ ಕೋಡ್ ಪಿ0302, ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ದೋಷ ದಾಖಲಾದ ಗಳಿಗೆಯ ವೇಗ, ಆರ್‌ಪಿಎಂ, ಎಂಜಿನ್ ಮೇಲಿನ ಭಾರ, ಕೂಲಂಟ್ ಬಿಸಿ ಎಲ್ಲವೂ ‘ಫ್ರೀಜ್ ಫ್ರೇಮ್’ ಎಂಬಲ್ಲಿ ಇದ್ದವು. ಘಾಟಿಯ ಏರೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಎಂಜಿನ್ ತಣ್ಣಗಾದ ಮೇಲೆ ಎರಡನೇ ಮತ್ತು ಮೂರನೇ ಸಿಲಿಂಡರ್‌ಗಳ ಕಾಯಿಲ್‌ಗಳನ್ನು ಅದಲುಬದಲು ಮಾಡಿದೆ. ತಲಾ ಒಂದು ಬೋಲ್ಟ್, ಒಂದು ಕನೆಕ್ಟರ್, ಅಷ್ಟೇ. ಕೋಡ್ ಅಳಿಸಿ ಊರಾಚೆಯ ದಿಬ್ಬ ಹತ್ತಿಸಿದೆ. ಈ ಸಲ ಬಂದದ್ದು ಪಿ0303! ಕಾಯಿಲ್ ಹೋದಲ್ಲಿಗೆ ದೋಷವೂ ಹೋಗಿತ್ತು. ಎರಡರಲ್ಲೇ ಉಳಿದಿದ್ದರೆ ಪ್ಲಗ್ ಅಥವಾ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮೇಲೆ ಕಣ್ಣಿಡಬೇಕಿತ್ತು. ಒಂದೇ ಕಾಯಿಲ್ ಕೊಂಡೆ, ನಡುಕ ನಿಂತಿತು.

ಮಾರುವವರು ‘ದೀಪ ಆರಿಸುವ ಯಂತ್ರ’ ಎಂದು ಕೂಗುವುದು ಮಾತ್ರ ನನಗೆ ಹಿಡಿಸಲಿಲ್ಲ. ಅಳಿಸುವ ಗುಂಡಿ ಒತ್ತಿದೊಡನೆ ಫ್ರೀಜ್ ಫ್ರೇಮ್ ಮಾಯವಾಗುತ್ತದೆ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಯೂ ಮೊದಲಿನಿಂದ ಶುರು. ಕೆಟ್ಟ ಕಾಯಿಲ್ ಕೆಟ್ಟೇ ಇರುತ್ತದೆ. ಮೆಕ್ಯಾನಿಕ್ ಬಳಿ ಒಯ್ಯುವುದಿದ್ದರೆ ಒತ್ತಲೇಬೇಡಿ. ನೀವೇ ರಿಪೇರಿ ಮಾಡುವುದಿದ್ದರೆ ಮೊದಲು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಅಂಕ. ನನ್ನ ಕಾರಿನ ಎಬಿಎಸ್, ಏರ್‌ಬ್ಯಾಗ್ ದೀಪಗಳ ವಿಷಯದಲ್ಲಿ ಇದು ಮೂಕ. ಐಫೋನ್‌ನವರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದನ್ನೇ ಕೇಳಿ ಕೊಳ್ಳಬೇಕು, ನನ್ನ ಮಗಳ ಫೋನ್‌ಗೆ ಇದು ಕಾಣಿಸಲೇ ಇಲ್ಲ. ಸಾಕೆಟ್‌ನ 16ನೇ ಪಿನ್‌ನಲ್ಲಿ ಕೀಲಿ ತೆಗೆದ ಮೇಲೂ ಬ್ಯಾಟರಿಯ ವಿದ್ಯುತ್ ಇರುತ್ತದೆ. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಲ್ಲುವುದಿದ್ದರೆ ಡಬ್ಬಿಯನ್ನು ಕಿತ್ತಿಡಿ.