ಇದ್ದಿಲಿನ ರೇಡಾನ್ ಕಿಟ್: ಅಯೋವಾದಲ್ಲಿ ಮನೆ ಇರುವವರಿಗೆ

ಗ್ರಿನೆಲ್‌ನಂಥ ಸಣ್ಣ ಊರಲ್ಲಿ ಬೇಸ್‌ಮೆಂಟ್ ಇರುವ ಮನೆ ಕೊಂಡಿದ್ದೀರಾ? ಯೋಚನೆ ಮಾಡದೆ ಈ ಕಿಟ್ ತರಿಸಿ. ಅಯೋವಾದ 99 ಕೌಂಟಿಗಳೂ ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ರೇಡಾನ್ ನಕ್ಷೆಯಲ್ಲಿ ಜಾಸ್ತಿ ಅಪಾಯದ ವಲಯದಲ್ಲೇ ಇವೆ. ರೇಡಾನ್ ಅಂದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ವಿಕಿರಣಶೀಲ ಅನಿಲ; ಮಣ್ಣಿನ ಯುರೇನಿಯಂನಿಂದ ಹುಟ್ಟಿ ನೆಲದ ಬಿರುಕಿನಲ್ಲಿ ಒಳಗೆ ಬರುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಳಸುವುದು ಸುಲಭ. 12 ಗಂಟೆ ಮೊದಲೇ ಕಿಟಕಿ ಮುಚ್ಚಿ, ಇದ್ದಿಲಿನ ಡಬ್ಬಿ ತೆರೆದಿಡಿ, ಸೂಚನೆಯಲ್ಲಿ ಹೇಳಿದ ಅವಧಿ ಮುಗಿದ ಕೂಡಲೇ ಮುಚ್ಚಿ ಲ್ಯಾಬ್‌ಗೆ ಪೋಸ್ಟ್ ಮಾಡಿ. ತಡ ಮಾಡಬೇಡಿ, ಇದ್ದಿಲು ಹಿಡಿದಿಟ್ಟ ರೇಡಾನ್ ಸುಮಾರು 4 ದಿನದಲ್ಲಿ ಕ್ಷಯಿಸಿ ಅರ್ಧವಾಗುತ್ತದೆ. ಸೂಚನೆಯ ಅಕ್ಷರಗಳು ಮಾತ್ರ ಇರುವೆ ಸಾಲು!

ಫಲಿತಾಂಶ ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣ ಅಳೆಯುವ ಮಾನ) ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಪರೀಕ್ಷಿಸಿ, ಮತ್ತೆ ಹಾಗೇ ಬಂದರೆ ಅನಿಲವನ್ನು ಹೊರಹಾಕುವ ಪೈಪು, ಫ್ಯಾನು ಹಾಕಿಸಿ. ಪರೀಕ್ಷೆ ಚಳಿಗಾಲದಲ್ಲೇ ಮಾಡಿ, ಆಗ ಕಿಟಕಿ ಹೇಗೂ ಮುಚ್ಚಿರುತ್ತದೆ ಅಲ್ವಾ.